ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್‌ಗೆ ಒಂದೇ ಒಂದು ಪುಸ್ತಕ ತಗೊಳ್ಳುದಾದ್ರೆ ಯಾವುದು ಮಾರಾಯ್ರೆ?

ಕಿನ್ನಿಗೋಳಿ ಬಸ್

ಎಲ್ಲರಿಗೂ ನಮಸ್ಕಾರ. ನಾನು ಬಿಸಿಎ ಮುಗಿಸಿ ಮಂಗಳೂರಲ್ಲಿ ಟೆಸ್ಟಿಂಗ್ ಕೆಲಸದಲ್ಲಿರುದು, ಮೂರು ವರ್ಷ ಆಯ್ತು. ಪೈಥಾನ್‌ನಲ್ಲಿ ಸಣ್ಣಪುಟ್ಟ ಆಟೊಮೇಶನ್ ಸ್ಕ್ರಿಪ್ಟ್ ಬರೀತೇನೆ, ಅದು ಬಿಟ್ರೆ ಹೇಳಿಕೊಳ್ಳುವಂಥ ಪ್ರೋಗ್ರಾಮಿಂಗ್ ಎಂತ ಇಲ್ಲ. ಡೆವಲಪರ್ ಕೆಲಸಕ್ಕೆ ಹೋಗುವ ಅಂತ ಮೊನ್ನೆ ಒಂದು ಇಂಟರ್‌ವ್ಯೂಗೆ ಹೋಗಿದ್ದೆ, ಅಲ್ಲಿ ಕೇಳಿದ್ದು ಇಷ್ಟೇ: ಹತ್ತು ಸಾವಿರ ನಂಬರ್ ಉಂಟು, ಯಾವುದಾದ್ರೂ ಒಂದು ಎರಡು ಸಲ ಬಂದಿದ್ಯಾ ನೋಡಿ. ನಾನು ಲೂಪ್ ಒಳಗೆ ಲೂಪ್ ಹಾಕಿ ಬರೆದೆ. "ಸರಿ ಉಂಟು, ಇದಕ್ಕಿಂತ ಬೇಗ ಆಗುವ ಹಾಗೆ?" ಅಂತ ಕೇಳಿದ್ರು ನೋಡಿ, ಮಂಡೆ ಪೂರಾ ಖಾಲಿ. ಕಾಲೇಜಲ್ಲಿ ಡೇಟಾ ಸ್ಟ್ರಕ್ಚರ್, ಅಂದ್ರೆ ಡೇಟಾವನ್ನು ಜೋಡಿಸಿಡುವ ರೀತಿಗಳ ಪಾಠ ಇತ್ತು, ಪಾಸ್ ಕೂಡ ಆಗಿದ್ದೇನೆ, ಎಂತ ಓದಿದ್ದು ಅಂತ ಈಗ ಕೇಳ್ಬೇಡಿ.

ಹಾಗಾಗಿ ಒಂದು ಒಳ್ಳೆ ಪುಸ್ತಕ ಹಿಡಿದು ಸರಿಯಾಗಿ ಓದ್ಬೇಕು ಅಂತ ಉಂಟು. ಎಲ್ಲ ಕಡೆ ಕಾರ್ಮೆನ್ ಪುಸ್ತಕ ಕಾರ್ಮೆನ್ ಪುಸ್ತಕ ಅಂತ ಹೇಳ್ತಾರೆ, ಅದನ್ನು ಒಬ್ರ ಹತ್ರ ಕೇಳಿ ತಂದು ಮೊದಲ ಪುಟದಿಂದ ಶುರು ಮಾಡಿದೆ, ನಾಲ್ಕನೇ ಅಧ್ಯಾಯದಲ್ಲಿ ಗಾಡಿ ನಿಂತಿತು. ಎರಡು ಸಲ ಶುರು ಮಾಡಿ ಎರಡು ಸಲವೂ ಅಲ್ಲೇ. ದಿನಾ ಬಸ್ಸಲ್ಲಿ ಹೋಗಿ ಬರ್ಲಿಕ್ಕೆ ಒಟ್ಟು ಎರಡು ಗಂಟೆ ಸಿಗ್ತದೆ, ಸೀಟು ಸಿಕ್ಕಿದ್ರೆ ಓದ್ಬಹುದು. ಹತ್ತನೇವರೆಗೆ ಕನ್ನಡ ಮೀಡಿಯಂ. ದಯವಿಟ್ಟು ಹದಿನೈದು ಪುಸ್ತಕದ ಲಿಸ್ಟ್ ಕೊಡ್ಬೇಡಿ, ಒಂದೇ ಹೇಳಿ.

ಕದ್ರಿ ಕೋಡು

ಸಿಎಲ್‌ಆರ್‌ಎಸ್. ಅದೇ ನಿಮ್ಮ ಕಾರ್ಮೆನ್ ಪುಸ್ತಕ. ಬೇರೆ ಪುಸ್ತಕ ಇಲ್ಲ. ನಾಲ್ಕನೇ ಅಧ್ಯಾಯ ಅರ್ಥ ಆಗ್ಲಿಲ್ಲ ಅಂದ್ರೆ ಅರ್ಥ ಆಗುವವರೆಗೆ ಓದ್ಬೇಕು, ಅಷ್ಟೆ.

ಗೋಳಿಬಜೆ

ಮೇಲಿನವರ ಹಾಗೆ ಹೇಳಿಯೇ ಅರ್ಧ ಜನ ಓಡಿ ಹೋದದ್ದು. ಅಣ್ಣ, ನೀವು ಆದಿತ್ಯ ಭಾರ್ಗವ ಅವರ "ಗ್ರೋಕಿಂಗ್ ಅಲ್ಗಾರಿದಮ್ಸ್" ತಗೊಳ್ಳಿ. ಪೂರಾ ಚಿತ್ರ, ಕೋಡ್ ಎಲ್ಲ ಪೈಥಾನ್, ನಿಮ್ಗೆ ಹೇಳಿ ಮಾಡಿಸಿದ್ದು. 2016ರದ್ದು, ಎರಡನೇ ಆವೃತ್ತಿ 2024ರಲ್ಲಿ ಬಂದಿದೆ. ಎರಡು ವಾರದಲ್ಲಿ ಬಸ್ಸಲ್ಲೇ ಮುಗೀತದೆ. ಆಳ ಇಲ್ಲ, ಒಪ್ಪಿದೆ. ಆದ್ರೆ ಈಜು ಕಲಿಯುವವನನ್ನು ಸೀದ ಪಣಂಬೂರು ಸಮುದ್ರಕ್ಕೆ ಇಳಿಸ್ತಾರಾ?

ಕದ್ರಿ ಕೋಡು

ಚಿತ್ರ ನೋಡಿ ಇಂಟರ್‌ವ್ಯೂ ಪಾಸ್ ಆಗುದಿಲ್ಲ.

ಗೋಳಿಬಜೆ

ನಾನು ಆಗಿದ್ದೇನೆ 🙂

ಹಳೇ ಕೆಆರ್‌ಇಸಿ

ಈ ಜಗಳ ನಮ್ಮ ಕಾಲದಲ್ಲೂ ಇತ್ತು. ನಾನು ಸುರತ್ಕಲ್‌ನಲ್ಲಿ ಓದುವಾಗ ಅದಕ್ಕಿನ್ನೂ ಎನ್‌ಐಟಿಕೆ ಅಂತ ಹೆಸರಾಗಿರ್ಲಿಲ್ಲ, ಅದು 2002ರ ನಂತರದ್ದು. ಹಾಸ್ಟೆಲಲ್ಲಿ ಕೈಯಿಂದ ಕೈಗೆ ಹೋಗ್ತಿದ್ದದ್ದು ಹೊರೊವಿಟ್ಜ್ ಮತ್ತು ಸಾಹ್ನಿ ಪುಸ್ತಕ, 1976ರ ಮೂಲ ಆವೃತ್ತಿಯ ಒಂದು ಹಳೇ ಪ್ರತಿ, ಬೈಂಡು ಕಿತ್ತು ಹೋಗಿ ಎರಡು ಸಲ ಹೊಲಿಸಿದ್ದು. ಅದ್ರಲ್ಲಿ ಪ್ರೋಗ್ರಾಮ್ ಎಲ್ಲ ಸ್ಪಾರ್ಕ್ಸ್ ಅಂತ ಒಂದು ಭಾಷೆಯಲ್ಲಿ ಬರೆದಿದ್ರು, ಅದನ್ನು ಹಾಗೇ ಓಡಿಸುವ ಅಂದ್ರೆ ಲ್ಯಾಬಲ್ಲಿ ಅಂಥದ್ದು ಎಂತ ಇಲ್ಲ. ನಾವು ಪ್ರತಿ ಪ್ರೋಗ್ರಾಮನ್ನೂ ನಾವೇ ಪಾಸ್ಕಲ್‌ಗೆ ಬದಲಾಯಿಸಿ ಬರೀಬೇಕಿತ್ತು. ಆಗ ಬೈದದ್ದಕ್ಕೆ ಲೆಕ್ಕ ಇಲ್ಲ. ಈಗ ಯೋಚಿಸಿದ್ರೆ ಲಿಂಕ್ಡ್ ಲಿಸ್ಟ್ ನಮ್ಮ ತಲೆಗೆ ಹತ್ತಿದ್ದೇ ಆ ಬದಲಾಯಿಸುವ ಗುದ್ದಾಟದಲ್ಲಿ, ನಕಲು ಮಾಡ್ಲಿಕ್ಕೆ ಆಗುವ ಕೋಡ್ ಕೊಟ್ಟಿದ್ರೆ ನಕಲು ಮಾಡಿ ಕ್ಯಾಂಟೀನ್‌ಗೆ ಹೋಗ್ತಿದ್ದೆವು.

ಮತ್ತೆ ಕಾರ್ಮೆನ್ ಬಂತು. 1990ರ ಮೊದಲ ಆವೃತ್ತಿಯಲ್ಲಿ ಮೂರೇ ಜನ, ಕಾರ್ಮೆನ್, ಲೀಸರ್ಸನ್, ರಿವೆಸ್ಟ್. ಸ್ಟೈನ್ ಸೇರಿದ್ದು 2001ರ ಎರಡನೇ ಆವೃತ್ತಿಗೆ, ಆಮೇಲೆ ಸಿಎಲ್‌ಆರ್ ಹೋಗಿ ಸಿಎಲ್‌ಆರ್‌ಎಸ್ ಆಯ್ತು. ರಿವೆಸ್ಟ್ ಅಂದ್ರೆ ಆರ್‌ಎಸ್‌ಎ ಗೂಢಲಿಪಿಯ ಮೊದಲಿನ ಆರ್. ನಾನು ಅದನ್ನು ಕೆಲಸಕ್ಕೆ ಸೇರಿದ ಮೇಲೆ ಕೊಂಡದ್ದು, ಇಪ್ಪತ್ತು ವರ್ಷದಿಂದ ಕಪಾಟಲ್ಲಿ ಉಂಟು, ಪೂರ್ತಿ ಓದಿದ್ದೇನಾ ಕೇಳಿದ್ರೆ ಇಲ್ಲ. ಓದಿದವರು ಒಬ್ರನ್ನೂ ನಾನು ಕಂಡಿಲ್ಲ. ಅದು ಪಂಚಾಂಗದ ಹಾಗೆ, ಬೇಕಾದ ದಿನ ತೆಗೆದು ನೋಡುದು.

ತ್ರಿಲೋಕ ಸಂಚಾರಿ

ಎಲ್ಲ ಬಿಟ್ಟು ನೂತ್ ಓದಿ, "ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್". ಮೂಲಕ್ಕೇ ಹೋಗ್ಬೇಕು.

ಪಂಪ್‌ವೆಲ್

ಪ್ರತಿ ಚರ್ಚೆಯಲ್ಲೂ ನೂತ್ ಹೇಳ್ಲಿಕ್ಕೆ ಒಬ್ಬ ಬಂದೇ ಬರ್ತಾನೆ. ಮಾರಾಯ, ಅವರು ಟೆಸ್ಟಿಂಗ್ ಕೆಲಸ ಮಾಡಿಕೊಂಡು ಬಸ್ಸಲ್ಲಿ ಓದುವವರು. ಮೊದಲ ಸಂಪುಟ 1968ರದ್ದು, ಅದ್ರ ಪ್ರೋಗ್ರಾಮ್ ಎಲ್ಲ ಮಿಕ್ಸ್ ಅಂತ ಅವರೇ ಕಲ್ಪನೆ ಮಾಡಿದ ಒಂದು ಮಶೀನಿನ ಅಸೆಂಬ್ಲಿಯಲ್ಲಿ. ನೀವು ಎಷ್ಟು ಪುಟ ಓದಿದ್ದೀರಿ ಹೇಳಿ ನೋಡುವ.

ತ್ರಿಲೋಕ ಸಂಚಾರಿ

ಶುರು ಮಾಡ್ಲಿಕ್ಕುಂಟು. ಆದ್ರೆ ತಪ್ಪು ಹುಡುಕಿ ಕೊಟ್ಟವರಿಗೆ ಅವರು 2008ರವರೆಗೆ 2.56 ಡಾಲರ್ ಚೆಕ್ ಕಳಿಸ್ತಿದ್ರು, ಅದು ಗೊತ್ತುಂಟಾ? 256 ಸೆಂಟ್ ಅಂದ್ರೆ ಹೆಕ್ಸಾಡೆಸಿಮಲ್‌ನಲ್ಲಿ, ಅಂದ್ರೆ 16ರ ಲೆಕ್ಕದ ಎಣಿಕೆಯಲ್ಲಿ, 100 ಸೆಂಟ್, ಒಂದು ಡಾಲರ್.

ಗೋಳಿಬಜೆ

ಕಿನ್ನಿಗೋಳಿ ಅಣ್ಣನಿಗೆ ಆ ದುಡ್ಡಲ್ಲಿ ಪುಸ್ತಕ ಬರುದಿಲ್ಲ, ಬನ್ಸ್ ಬರ್ತದೆ.

ಮಣ್ಣಪಳ್ಳ

ನಾನು ಈ ಕಡೆಯದ್ದೇ ಒಂದು ಕಾಲೇಜಲ್ಲಿ ಡಿಎಎ, ಅಂದ್ರೆ ಅಲ್ಗಾರಿದಮ್ ವಿನ್ಯಾಸ ಮತ್ತು ವಿಶ್ಲೇಷಣೆ, ಪಾಠ ಮಾಡುದು. ಸ್ವಲ್ಪ ಉದ್ದ ಆಗ್ತದೆ, ಕ್ಷಮಿಸಿ.

ಮೊದಲು ನಿಮ್ಮ ಇಂಟರ್‌ವ್ಯೂ ಪ್ರಶ್ನೆ. ಲೂಪ್ ಒಳಗೆ ಲೂಪ್ ಹಾಕಿದ್ರೆ ಹತ್ತು ಸಾವಿರ ನಂಬರಿಗೆ ಹೋಲಿಕೆ ಎಷ್ಟು ಆಗ್ತದೆ ಲೆಕ್ಕ ಹಾಕಿದ್ದೀರಾ? ಪ್ರತಿ ಜೋಡಿಗೆ ಒಂದರಂತೆ 4,99,95,000. ಐದು ಕೋಟಿಗೆ ಐದು ಸಾವಿರ ಕಡಿಮೆ. ಮೊದಲು ಸಾರ್ಟ್ ಮಾಡಿ ಅಕ್ಕಪಕ್ಕದ್ದು ನೋಡಿದ್ರೆ ಸುಮಾರು ಒಂದೂಕಾಲು, ಒಂದೂವರೆ ಲಕ್ಷದ ಆಸುಪಾಸು. ಪೈಥಾನ್‌ನ ಸೆಟ್‌ಗೆ ಒಂದೊಂದೇ ಹಾಕ್ತಾ "ಇದು ಆಗ್ಲೇ ಉಂಟಾ" ಅಂತ ನೋಡಿದ್ರೆ ಹತ್ತು ಸಾವಿರ ಸಲ ಹುಡುಕುದು, ಮುಗೀತು. ನೀವು ದಿನಾ ಸ್ಕ್ರಿಪ್ಟ್ ಬರೆಯುವವರು, ಸೆಟ್ ಬಳಸಿಯೇ ಇರ್ತೀರಿ. ಅದು ಯಾಕೆ ಬೇಗ ಅಂತ ಯಾರೂ ಹೇಳಿ ಕೊಡ್ಲಿಲ್ಲ, ಅಷ್ಟೇ ಆದದ್ದು.

ಇನ್ನು ಪುಸ್ತಕ. ಒಂದು ಹೆಸರು ಹೇಳಿ ಅಂದ್ರಿ, ನಾನು ಹೇಳುದಿಲ್ಲ, ಬೇಜಾರು ಮಾಡ್ಬೇಡಿ. ಮೀನು ತಗೊಳ್ಳುವಾಗ ಕಿವಿರು ಎತ್ತಿ ನೋಡ್ತೇವಲ್ಲ, ಹಾಗೆ ಪುಸ್ತಕಕ್ಕೂ ಒಂದು ಪರೀಕ್ಷೆ ಉಂಟು. ಒಂದೇ ವಿಷಯ ಹಿಡೀರಿ, ನಾನಾದ್ರೆ ಹೀಪ್ (ಪ್ರತಿ ತಂದೆ ತನ್ನ ಮಕ್ಕಳಿಗಿಂತ ಚಿಕ್ಕದಾಗದ ಹಾಗೆ ನಂಬರ್ ಜೋಡಿಸಿದ ಮರ) ಹಿಡೀತೇನೆ ಯಾಕಂದ್ರೆ ಅದು ಚಿಕ್ಕದು, ಒಂದು ಗಂಟೆಯಲ್ಲಿ ಓದಿ ಮುಗೀತದೆ, ಆದ್ರೆ ಅದ್ರೊಳಗೆ ಎಲ್ಲ ಉಂಟು, ಮರ ಉಂಟು, ಅರೇ ಉಂಟು, ಸಾರ್ಟಿಂಗ್ ಉಂಟು, ಲೆಕ್ಕಾಚಾರ ಉಂಟು. ಲೈಬ್ರರಿಗೆ ಹೋಗಿ ಮೂರು ಪುಸ್ತಕ ಎದುರಿಗೆ ಇಟ್ಟು ಆ ಒಂದು ಭಾಗ ಮಾತ್ರ ಮೂರರಲ್ಲೂ ಓದಿ. ಓದಿ ಪುಸ್ತಕ ಮುಚ್ಚಿ. ಮುಚ್ಚಿದ ಮೇಲೆ ಎಲ್ಲವನ್ನೂ ನೀವೇ ಬರೆದು ಓಡಿಸಿ. ಯಾವುದನ್ನು ಓದಿದ ಮೇಲೆ ಕೈ ಓಡಿತೋ ಅದು ನಿಮ್ಮ ಪುಸ್ತಕ. ಓದುವಾಗ "ಆಹಾ ಅರ್ಥ ಆಯ್ತು" ಅನ್ನಿಸಿದ್ದನ್ನು ನಂಬ್ಲೇಬೇಡಿ, ನನ್ನ ಕ್ಲಾಸಲ್ಲಿ ಎಲ್ಲರಿಗೂ ಹಾಗೇ ಅನ್ನಿಸುದು, ಇಂಟರ್ನಲ್ಸ್‌ನ ದಿನ ಗೊತ್ತಾಗ್ತದೆ.

ಹೀಪ್ ಓದುವಾಗ ಒಂದು ಜಾಗ ವಿಶೇಷ ನೋಡಿ. ಎನ್ ಐಟಮ್ ಇರುವ ಅರೇಯನ್ನು ಕೆಳಗಿನಿಂದ ಹೀಪ್ ಮಾಡ್ಲಿಕ್ಕೆ ಎನ್ ಲಾಗ್ ಎನ್ ಹೆಜ್ಜೆ ಬೇಡ, ಬರೀ ಎನ್‌ನಷ್ಟು ಸಾಕು. ಯಾಕೆ ಅಂತ ಪುಸ್ತಕ ಹೇಗೆ ಹೇಳ್ತದೆ? ಮರದಲ್ಲಿ ಅರ್ಧದಷ್ಟು ಎಲೆಗಳೇ, ಅಂದ್ರೆ ಕೆಳಗೆ ಮಕ್ಕಳಿಲ್ಲದವು, ಅವು ಕೂತಲ್ಲಿಂದ ಏಳ್ಬೇಕಂತಲೇ ಇಲ್ಲ. ಕಾಲುಭಾಗ ಹೆಚ್ಚೆಂದ್ರೆ ಒಂದು ಮೆಟ್ಟಿಲು ಇಳೀಬಹುದು, ಎಂಟನೇ ಒಂದು ಭಾಗ ಎರಡು ಮೆಟ್ಟಿಲು. ತುಂಬಾ ಇಳೀಬೇಕಾದವರು ಮೇಲೆ ಬೆರಳೆಣಿಕೆಯವರು ಮಾತ್ರ. ಇದನ್ನು ಕೂಡಿಸಿದ್ರೆ ಎನ್ ದಾಟುದಿಲ್ಲ. ಕೆಲವು ಪುಸ್ತಕ ಸೀದ ಸಮ್ಮೇಶನ್ ಹಾಕಿ ಮುಗಿಸ್ತದೆ, ಕೆಲವು ಹೇಳುದೇ ಇಲ್ಲ, ಕೆಲವು ಮೊದಲು ಕಣ್ಣಿಗೆ ಕಾಣಿಸಿ ಮತ್ತೆ ಲೆಕ್ಕ ಹಾಕ್ತದೆ. ನಿಮ್ಗೆ ಯಾವ ರೀತಿ ಒಗ್ಗುತ್ತದೆ ಅಂತ ಅಲ್ಲೇ ತಿಳೀತದೆ.

ಕಾರ್ಮೆನ್‌ನ ನಾಲ್ಕನೇ ಅಧ್ಯಾಯದಲ್ಲಿ ನಿಂತೆ ಅಂದ್ರಲ್ಲ, ಅದು ಎಲ್ಲರೂ ನಿಲ್ಲುವ ಜಾಗ. ರಿಕರೆನ್ಸ್, ಮಾಸ್ಟರ್ ಥಿಯರಮ್, ಸ್ಟ್ರಾಸೆನ್. ಆದ್ರೆ ಆ ಪುಸ್ತಕವನ್ನು ಕಾದಂಬರಿ ಥರ ಒಂದರಿಂದ ಓದ್ಬೇಕು ಅಂತ ನಿಮ್ಗೆ ಹೇಳಿದ್ದು ಯಾರು? ಅಧ್ಯಾಯಗಳು ಹೆಚ್ಚಾಗಿ ತಮ್ಮಷ್ಟಕ್ಕೆ ನಿಲ್ತವೆ. ಲಾಗ್, ಸಮ್ಮೇಶನ್ ಮರೆತಿದ್ರೆ ಕೊನೆಯಲ್ಲಿ ಅನುಬಂಧವೇ ಉಂಟು, ಅದನ್ನು ಯಾರೂ ತೆರೆಯುದಿಲ್ಲ.

ಕಿನ್ನಿಗೋಳಿ ಬಸ್

ಮೇಡಂ ತುಂಬಾ ಥ್ಯಾಂಕ್ಸ್. ಐದು ಕೋಟಿ ನೋಡಿ ಎದೆ ಧಸಕ್ಕಂತು. ಆ ಮೂರು ಪುಸ್ತಕ ಯಾವುದು ಅಂತಾದ್ರೂ ಹೇಳಿ.

ಮಣ್ಣಪಳ್ಳ

ಕಾರ್ಮೆನ್ ಒಂದು ಇರ್ಲಿ, ಹೇಗೂ ಹಗೆ ಸಾಧಿಸ್ಲಿಕ್ಕೆ ಉಂಟಲ್ಲ ನಿಮ್ಗೆ. ಎರಡನೆಯದ್ದು ಅನಾನಿ ಲೆವಿಟಿನ್, ವಿಟಿಯುದಲ್ಲಿ ಡಿಎಎಗೆ ನಾವು ಪಾಠ ಮಾಡುವ ಪುಸ್ತಕ, ಹಾಗಾಗಿ ಯಾವ ಇಂಜಿನಿಯರಿಂಗ್ ಕಾಲೇಜ್ ಲೈಬ್ರರಿಯಲ್ಲೂ ರಾಶಿ ಇರ್ತದೆ, ಸೆಕೆಂಡ್ ಹ್ಯಾಂಡೂ ಸುಲಭ. ಮೂರನೆಯದ್ದು ಸ್ಕೀನಾ ಅವರ "ದಿ ಅಲ್ಗಾರಿದಮ್ ಡಿಸೈನ್ ಮ್ಯಾನ್ಯುಯಲ್".

ಕುಂದಾಪ್ರದ ಹ್ವಾಯ್

ಹ್ವಾಯ್, ನಾನೊಂದ್ ಮಾತ್ ಹೇಳ್ತೆ. ಇದೆಲ್ಲ ಕನ್ನಡದಗೆ ಯಾರಾರೂ ಬರುಕಾಗ್ದಾ ಮರ್ರೆ? ಹೀಪಿಗೆ ರಾಶಿ ಅಂದ್ರ್ ಆಯ್ತ್, ಸ್ಟ್ಯಾಕಿಗೆ ಅಟ್ಟಿ, ಕ್ಯೂಗೆ ಸಾಲ್. ಶಬ್ದ ಇಲ್ದೆ ಇಪ್ದಾ?

ಹಳೇ ಕೆಆರ್‌ಇಸಿ

ಅಲ್ಗಾರಿದಮ್‌ಗೆ ಕ್ರಮಾವಳಿ ಅಂತ ಶಬ್ದ ಚಾಲ್ತಿಯಲ್ಲಿ ಉಂಟು. ಆದ್ರೆ ಹೀಪ್‌ಗೆ ರಾಶಿ ಹೇಳಿದ್ರೆ ದಾರಿ ತಪ್ತದೆ, ರಾಶಿಯಲ್ಲಿ ಕ್ರಮ ಇಲ್ಲ, ಇದ್ರಲ್ಲಿ ಉಂಟು. ಇಂಗ್ಲಿಷಿನಲ್ಲೂ ಅದೇ ಗೋಳು, ಮೆಮೊರಿಯ ಹೀಪ್ ಬೇರೆ ಈ ಹೀಪ್ ಬೇರೆ, ಎರಡಕ್ಕೂ ಸಂಬಂಧ ಇಲ್ಲ, ಹೆಸರು ಒಂದೇ.

ತೆಂಕುತಿಟ್ಟು

ಭಾಷೆಯ ವಿಷಯ ಬಂತಲ್ಲ, ನಾನೂ ಕನ್ನಡ ಮೀಡಿಯಂ, ಈಗ ಹನ್ನೊಂದು ವರ್ಷದಿಂದ ಇದೇ ಫೀಲ್ಡಲ್ಲಿದ್ದೇನೆ. ಯಾರೂ ಹೇಳದ ಒಂದು ವಿಷಯ ಹೇಳ್ತೇನೆ ತಮ್ಮ. ಎಲ್ಲರೂ "ಸುಲಭ ಇಂಗ್ಲಿಷ್, ಮಾತಾಡಿದ ಹಾಗೆ ಬರೆದಿದ್ದಾರೆ" ಅಂತ ಕೊಡುವ ಪುಸ್ತಕ ಉಂಟಲ್ಲ, ಅದೇ ನಮ್ಗೆ ಕಷ್ಟ ಆಗುದು. ಸ್ಕೀನಾ ಪುಸ್ತಕ ಎಷ್ಟು ಒಳ್ಳೆದು ಅಂದ್ರೆ ಅದ್ರಲ್ಲಿ "ವಾರ್ ಸ್ಟೋರಿ" ಅಂತ ಅವರು ನಿಜವಾಗಿ ಮಾಡಿದ ಕೆಲಸದ ಕಥೆಗಳು ಬರ್ತವೆ, ಯಾವ ಡೇಟಾ ಸ್ಟ್ರಕ್ಚರ್ ಹಾಕಿ ಹೇಗೆ ಸೋತೆವು ಅಂತ, ಅಂಥದ್ದು ಬೇರೆ ಎಲ್ಲೂ ಸಿಗುದಿಲ್ಲ. ಆದ್ರೆ ಪ್ರತಿ ಪುಟದಲ್ಲಿ ಅಮೆರಿಕದ ತಮಾಷೆ. ನಾನು ಮೊದಲನೇ ಸಲ ಓದುವಾಗ ಎಲ್ಲಿ ತಮಾಷೆ ಎಲ್ಲಿ ವಿಷಯ ಅಂತಲೇ ಗೊತ್ತಾಗ್ತಿರ್ಲಿಲ್ಲ, ತಮಾಷೆಯನ್ನು ನೋಟ್ಸ್ ಮಾಡಿ ಇಟ್ಟದ್ದುಂಟು. ಕಾರ್ಮೆನ್ ಇಂಗ್ಲಿಷ್ ಒಣ ಬೂತಾಯಿ ಥರ, ರುಚಿಗೆ ಏನೂ ಸೇರಿಸಿಲ್ಲ, ಆದ್ರೆ ಒಂದು ವಾಕ್ಯ ಒಂದೇ ವಿಷಯ ಹೇಳ್ತದೆ, ಡಿಕ್ಷನರಿ ಬೇಡ. ನಮ್ಮಂಥವರಿಗೆ ಕಾರ್ಮೆನ್‌ನಲ್ಲಿ ಗಣಿತ ಕಷ್ಟ ಆದ್ರೂ ಭಾಷೆ ಸುಲಭ, ಸ್ಕೀನಾದಲ್ಲಿ ಭಾಷೆ ಕಷ್ಟ ಗಣಿತ ಸುಲಭ. ಎರಡರಲ್ಲಿ ಯಾವ ಕಷ್ಟ ನಿಮ್ಗೆ ತಡೀತದೆ ನೋಡಿ.

ಕದ್ರಿ ಕೋಡು

ನೋಡಿದ್ರಾ. ನಾನು ಮೊದಲೇ ಹೇಳಿದ್ದು.

ಸೆಗ್ಮೆಂಟ್ ಟ್ರೀ

ಅಂಕಲ್‌ಗಳೇ ಪುಸ್ತಕ ಎಂತಕ್ಕೆ, ನಾನು ಐದನೇ ಸೆಮ್, ಒಂದೂ ಪುಸ್ತಕ ಓದಿಲ್ಲ, ದಿನಕ್ಕೆ ಮೂರು ಪ್ರಾಬ್ಲೆಮ್ ಬಿಡಿಸ್ತೇನೆ ಅಷ್ಟೆ. ಬೇಕಾದ್ರೆ ಆಂಟ್ಟಿ ಲಾಕ್ಸೊನೆನ್ ಬರೆದ "ಕಾಂಪಿಟಿಟಿವ್ ಪ್ರೋಗ್ರಾಮರ್ಸ್ ಹ್ಯಾಂಡ್‌ಬುಕ್" ಉಂಟು, ಪಿಡಿಎಫ್ ಅವರೇ ಫ್ರೀ ಕೊಟ್ಟಿದ್ದಾರೆ, ಸುಮಾರು ಮುನ್ನೂರು ಪುಟ, ಕೋಡ್ ಸಿ ಪ್ಲಸ್ ಪ್ಲಸ್. ಜೊತೆಗೆ ಸಿಎಸ್‌ಇಎಸ್ ಪ್ರಾಬ್ಲೆಮ್ ಸೆಟ್ ಮಾಡಿದ್ರೆ ಯಾವ ಇಂಟರ್‌ವ್ಯೂ ಆದ್ರೂ ಲೆಕ್ಕ ಇಲ್ಲ.

ಮಣ್ಣಪಳ್ಳ

ಮಗಾ, 1, 3, 4 ರೂಪಾಯಿಯ ನಾಣ್ಯ ಮಾತ್ರ ಇರುವ ಊರಲ್ಲಿ 6 ರೂಪಾಯಿ ಚಿಲ್ಲರೆ ಕೊಡ್ಬೇಕು, ನಾಣ್ಯ ಕಡಿಮೆ ಆಗ್ಬೇಕು. ದೊಡ್ಡದರಿಂದ ಶುರು ಮಾಡಿ ಕೊಡ್ತೀಯ, ಎಷ್ಟಾಗ್ತದೆ?

ಸೆಗ್ಮೆಂಟ್ ಟ್ರೀ

4 + 1 + 1 ಮೂರು, ಸರಿ ಉತ್ತರ 3 + 3 ಎರಡು, ಹಾಗೆ ದೊಡ್ಡದನ್ನೇ ಮೊದಲು ಎತ್ತುವ ಗ್ರೀಡಿ ಆಗುದಿಲ್ಲ, ಡಿಪಿ ಹಾಕ್ಬೇಕು, ಡೈನಾಮಿಕ್ ಪ್ರೋಗ್ರಾಮಿಂಗ್, ಸಣ್ಣ ಮೊತ್ತದ ಉತ್ತರ ಇಟ್ಟುಕೊಂಡು ದೊಡ್ಡದು ಕಟ್ಟುದು. ಇದು ಗೊತ್ತುಂಟು ಮೇಡಂ.

ಮಣ್ಣಪಳ್ಳ

ಸರಿ. ನಮ್ಮ 1, 2, 5, 10ಕ್ಕೆ ಗ್ರೀಡಿ ಯಾವಾಗ್ಲೂ ಸರಿ ಬರ್ತದೆ ಅಂತ ಹೇಗೆ ಗೊತ್ತು?

ಸೆಗ್ಮೆಂಟ್ ಟ್ರೀ

ಸಬ್ಮಿಟ್ ಮಾಡಿದ್ರೆ ಅಕ್ಸೆಪ್ಟ್ ಆಗ್ತದೆ

ಮಣ್ಣಪಳ್ಳ

ಅದಕ್ಕೇ ಪುಸ್ತಕ.

ಪಂಪ್‌ವೆಲ್

😂 ಹುಡುಗನನ್ನು ಬಿಡಿ ಮೇಡಂ.

ಆದ್ರೆ ಈ "ಅಕ್ಸೆಪ್ಟ್ ಆಯ್ತು" ಅನ್ನುವ ರೋಗ ದೊಡ್ಡವರಿಗೂ ಉಂಟು. ಬೈನರಿ ಸರ್ಚ್ ಎಲ್ಲರಿಗೂ ಗೊತ್ತು ಅಲ್ವಾ, ಸಾರ್ಟ್ ಆದ ಅರೇಯನ್ನು ಅರ್ಧ ಅರ್ಧ ಮಾಡ್ತಾ ಹುಡುಕುದು, ಅದಕ್ಕೆ ಮಧ್ಯ ಬೇಕು, ಲೋ ಪ್ಲಸ್ ಹೈ ಭಾಗಿಸು ಎರಡು. ಜಾವಾ ಲೈಬ್ರರಿಯಲ್ಲೇ ಇದ್ದ ಕೋಡಲ್ಲಿ ಈ ಸಾಲು ಸುಮಾರು 9 ವರ್ಷ ತಪ್ಪಾಗಿ ಕೂತಿತ್ತು, ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಒಪ್ಪಿ ಬರೆದ್ರು. ಅರೇ ತುಂಬಾ ದೊಡ್ಡದಾದ್ರೆ ಲೋ ಪ್ಲಸ್ ಹೈ 2,14,74,83,647 ದಾಟ್ತದೆ, 32 ಬಿಟ್‌ನಲ್ಲಿ ಹಿಡಿಯುದಿಲ್ಲ, ಮೈನಸ್ ಆಗಿ ಹೋಗ್ತದೆ. ಅದೇ ಸಾಲು ಜಾನ್ ಬೆಂಟ್ಲಿ ಅವರ "ಪ್ರೋಗ್ರಾಮಿಂಗ್ ಪರ್ಲ್ಸ್" ಪುಸ್ತಕದಲ್ಲೂ ಇತ್ತು, ಅದೂ ಈ ಪ್ರೋಗ್ರಾಮ್ ಸರಿ ಅಂತ ಹೇಗೆ ತೋರಿಸುದು ಅಂತ ಹೇಳುವ ಅಧ್ಯಾಯದಲ್ಲೇ! ಪೈಥಾನ್‌ನವರಿಗೆ ಈ ತಲೆಬಿಸಿ ಇಲ್ಲ, ಅಲ್ಲಿ ಪೂರ್ಣಾಂಕಕ್ಕೆ ಮಿತಿಯೇ ಇಲ್ಲ.

ಹಾಗಾಗಿ ನನ್ನ ಅಭಿಪ್ರಾಯ, ಸೂಡೊಕೋಡ್ (ಯಾವ ಭಾಷೆಯದ್ದೂ ಅಲ್ಲದ ಮಾದರಿ ಕೋಡ್) ಪುಸ್ತಕ ಓದಿದ್ರೆ ಸಾಲುದಿಲ್ಲ, ಒಂದು ನಿಜವಾದ ಭಾಷೆಯ ಕೋಡ್ ಇರುವ ಪುಸ್ತಕ ಬೇಕು. ಸೆಡ್ಜ್‌ವಿಕ್ ಮತ್ತು ವೇನ್ ಅವರ "ಅಲ್ಗಾರಿದಮ್ಸ್" ನೋಡಿ, ನಾಲ್ಕನೇ ಆವೃತ್ತಿ 2011, ಎಲ್ಲ ಜಾವಾ, ಪ್ರತಿ ಕೋಡೂ ಓಡ್ತದೆ. ಕೋರ್ಸೆರಾದಲ್ಲಿ ಪ್ರಿನ್ಸ್‌ಟನ್‌ನ ಅವರದ್ದೇ ಪಾಠ ಕೂಡ ಫ್ರೀ.

ಕಿನ್ನಿಗೋಳಿ ಬಸ್

ಸರ್ ಜಾವಾ ಗೊತ್ತಿಲ್ಲ ನಂಗೆ. ಎರಡೂ ಒಟ್ಟಿಗೆ ಕಲಿಯುದು ಬೇಡ ಅನ್ನಿಸ್ತದೆ.

ಪಂಪ್‌ವೆಲ್

ಸರಿ, ಆಗ ಬೇಡ. ಒಂದು ಸಲಕ್ಕೆ ಒಂದೇ ದೋಣಿ. ವೀಡಿಯೊ ಬೇಕಾದ್ರೆ ಎಂಐಟಿಯ ಓಪನ್ ಕೋರ್ಸ್‌ವೇರಲ್ಲಿ 6.006 ಉಂಟು, ಪೈಥಾನ್‌ಗೆ ಹತ್ತಿರ.

ಕುಂದಾಪ್ರದ ಹ್ವಾಯ್

ಮಣಿಪಾಲದ್ದಾ?

ಪಂಪ್‌ವೆಲ್

ಅಲ್ಲ ಮಾರಾಯ್ರೆ, ಅಮೆರಿಕದ್ದು. ನಮ್ಮದೇ ಬೇಕಾದ್ರೆ ಎನ್‌ಪಿಟೆಲ್‌ನಲ್ಲಿ ಚೆನ್ನೈ ಮ್ಯಾಥಮ್ಯಾಟಿಕಲ್ ಇನ್‌ಸ್ಟಿಟ್ಯೂಟ್‌ನ ಮಾಧವನ್ ಮುಕುಂದ್ ಅವರ ಪಾಠ ಉಂಟು, ಅರ್ಜೆಂಟ್ ಇಲ್ಲದೆ ಸಮಾಧಾನದಲ್ಲಿ ಹೇಳ್ತಾರೆ, ನಂಗೆ ಗ್ರಾಫ್ ಅರ್ಥ ಆದದ್ದೇ ಅವರಿಂದ. ಬಿಎಫ್‌ಎಸ್ ಮತ್ತು ಡೈಕ್‌ಸ್ಟ್ರಾ ಅಂತ ದಾರಿ ಹುಡುಕುವ ಎರಡು ಅಲ್ಗಾರಿದಮ್ ಉಂಟಲ್ಲ, ಅವು ಯಾಕೆ ಬೇರೆ ಬೇರೆ ಅಂತ ನಾನು ಕಲ್ಪನೆ ಮಾಡಿಕೊಂಡದ್ದು ನಮ್ಮ ಬಸ್ಸಿನ ಮೇಲೆ. ಸ್ಟೇಟ್‌ಬ್ಯಾಂಕಿಂದ ಉಡುಪಿಗೆ ಯಾವ ದಾರಿಯಲ್ಲಿ ಸ್ಟಾಪ್ ಕಡಿಮೆ ಅಂದ್ರೆ ಬಿಎಫ್‌ಎಸ್ ಸಾಕು, ಯಾವ ದಾರಿಯಲ್ಲಿ ನಿಮಿಷ ಕಡಿಮೆ ಅಂದ್ರೆ ಡೈಕ್‌ಸ್ಟ್ರಾ ಬೇಕು. ಒಂದು ಸ್ಟಾಪಿಂದ ಮುಂದಿನ ಸ್ಟಾಪಿಗೆ ಮೈನಸ್ ನಿಮಿಷ ಇರುದಿಲ್ಲ, ಹಾಗಾಗಿ ಡೈಕ್‌ಸ್ಟ್ರಾ ಸರಿಯಾಗಿ ನಡೀತದೆ.

ಗೋಳಿಬಜೆ

ನಮ್ಮ ಎಕ್ಸ್‌ಪ್ರೆಸ್ ಡ್ರೈವರ್‌ಗಳನ್ನು ನೋಡಿದ್ರೆ ಮೈನಸ್ ನಿಮಿಷವೂ ಉಂಟು ಅನ್ನಿಸ್ತದೆ.

ಹಳೇ ಕೆಆರ್‌ಇಸಿ

ಡೈಕ್‌ಸ್ಟ್ರಾ ಅದನ್ನು ಯೋಚಿಸಿದ್ದು 1956ರಲ್ಲಿ, ಆಮ್ಸ್ಟರ್‌ಡ್ಯಾಮಿನ ಒಂದು ಕೆಫೆಯಲ್ಲಿ ಮದುವೆ ಆಗ್ಲಿಕ್ಕಿದ್ದ ಹುಡುಗಿಯೊಟ್ಟಿಗೆ ಕಾಫಿಗೆ ಕೂತಾಗ, ಇಪ್ಪತ್ತು ನಿಮಿಷದಲ್ಲಿ, ಪೆನ್ನು ಕಾಗದ ಇಲ್ಲದೆ. ಅವರೇ ಹೇಳಿಕೊಂಡದ್ದು. ಕಾಗದ ಇಲ್ಲದ ಕಾರಣ ಸುಲಭ ಇರುವುದನ್ನೇ ಯೋಚಿಸ್ಬೇಕಾಯ್ತು ಅಂತ. ಕಿನ್ನಿಗೋಳಿಯವರೇ, ಬಸ್ಸಲ್ಲಿ ಸೀಟು ಸಿಗದ ದಿನಕ್ಕೆ ಇದು ಒಳ್ಳೇದು.

ಕಿನ್ನಿಗೋಳಿ ಬಸ್

ಎಲ್ಲರಿಗೂ ವರದಿ ಒಪ್ಪಿಸ್ಲಿಕ್ಕೆ ಬಂದೆ. ಒಂಬತ್ತು ದಿನ ಆಯ್ತು, ಮಧ್ಯದಲ್ಲಿ ಮಳೆ, ಕರೆಂಟಿಲ್ಲ, ಹಾಗಾಗಿ ತಡ.

ಅಕ್ಕನ ಮಗಳು ಇಂಜಿನಿಯರಿಂಗ್ ಓದುದು, ಅವಳ ಕಾಲೇಜಿನ ಲೈಬ್ರರಿಯಿಂದ ಎರಡು ಪುಸ್ತಕ ತರಿಸಿದೆ, ಕಾರ್ಮೆನ್ ಹೇಗೂ ಇತ್ತು. ಮೇಡಂ ಹೇಳಿದ ಹಾಗೆ ಹೀಪ್ ಮಾತ್ರ. ಮೊದಲು ಕಾರ್ಮೆನ್, ಆರನೇ ಅಧ್ಯಾಯ. ತೆಂಕುತಿಟ್ಟು ಅಕ್ಕ ಹೇಳಿದ್ದು ನೂರಕ್ಕೆ ನೂರು, ಭಾಷೆಯಲ್ಲಿ ಎಲ್ಲೂ ತಡೀಲಿಲ್ಲ. ನಾಲ್ಕನೇ ಅಧ್ಯಾಯ ಹಾರಿಸಿದ್ರೆ ಆರನೆಯದ್ದು ಓದ್ಲಿಕ್ಕೆ ಆಗ್ತದೆ ಅಂತ ಇಷ್ಟು ದಿನ ಗೊತ್ತೇ ಇರ್ಲಿಲ್ಲ, ಎರಡು ಸಲ ಸುಮ್ನೆ ಸೋತದ್ದು. ಪುಸ್ತಕ ಮುಚ್ಚಿ ಪೈಥಾನ್‌ನಲ್ಲಿ ಹೀಪ್‌ಸಾರ್ಟ್ ಬರೆದೆ. ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್ ಅಂತ ಎರರ್ ಬಂತು. ಉದ್ದದಲ್ಲಿ ಒಂದು ಕಡಿಮೆ ಮಾಡಿದೆ, ಓಡಿತು. ಖುಷಿಯಲ್ಲಿ ಔಟ್‌ಪುಟ್ ನೋಡಿದ್ರೆ ಎಲ್ಲ ನಂಬರ್ ಚಂದ ಸಾಲಲ್ಲಿ ನಿಂತಿದೆ, ಮೊದಲನೆಯದ್ದು ಮಾತ್ರ ಇದ್ದ ಜಾಗದಲ್ಲೇ ಕೂತಿದೆ, ಎಂತ ಮಾಡಿದ್ರೂ ಏಳುದಿಲ್ಲ. ಬೇರೆ ಬೇರೆ ಲಿಸ್ಟ್ ಕೊಟ್ಟೆ, ಅದೇ ಕಥೆ. ನಾನು ಟೆಸ್ಟಿಂಗ್‌ನವನು, ಬೇರೆಯವರ ಬಗ್ ಹಿಡಿಯುದು ನನ್ನ ಹೊಟ್ಟೆಪಾಡು, ನನ್ನದೇ ಬಗ್ ಎರಡು ರಾತ್ರಿ ಹಿಡೀಲಿಕ್ಕೆ ಆಗ್ಲಿಲ್ಲ.

ಮೂರನೇ ದಿನ ಬಸ್ಸಲ್ಲಿ ಲೆವಿಟಿನ್ ತೆಗೆದೆ, ಅದ್ರಲ್ಲೂ ಹೀಪ್ ಆರನೇ ಅಧ್ಯಾಯದಲ್ಲೇ ಉಂಟು, ವಿಚಿತ್ರ. ಅಲ್ಲಿ ಒಂದು ಸಾಲು: ಐಟಮ್‌ಗಳನ್ನು 1ರಿಂದ ಎನ್‌ವರೆಗೆ ಇಡುದು, ಸೊನ್ನೆಯ ಜಾಗ ಖಾಲಿ ಬಿಡುದು, ಇಲ್ಲದಿದ್ರೆ ಅಲ್ಲಿ ಎಲ್ಲಕ್ಕಿಂತ ದೊಡ್ಡ ಒಂದು ನಂಬರ್ ಕಾವಲಿಗೆ ಇಡುದು. ಮುಲ್ಕಿ ದಾಟುವಾಗ ಹೊಳೆಯಿತು, ಬಸ್ಸಲ್ಲಿ ಬೊಬ್ಬೆ ಹಾಕುದೊಂದು ಬಾಕಿ. ಕಾರ್ಮೆನ್‌ನಲ್ಲಿ ಅರೇ ಒಂದರಿಂದ ಶುರು, ಐ ಜಾಗದಲ್ಲಿ ಇರುವವನ ಮಕ್ಕಳು 2ಐ ಮತ್ತು 2ಐ + 1ರಲ್ಲಿ. ಪೈಥಾನ್ ಸೊನ್ನೆಯಿಂದ. ನಾನು ಲೆಕ್ಕ ಒಂದರದ್ದು ಇಟ್ಟು ಲಿಸ್ಟ್ ಸೊನ್ನೆಯದ್ದು ಕೊಟ್ಟಿದ್ದೆ, ಹಾಗಾಗಿ ಸೊನ್ನೆಯಲ್ಲಿ ಕೂತವನನ್ನು ಯಾರೂ ಮುಟ್ಟಲೇ ಇಲ್ಲ. 2ಐ + 1, 2ಐ + 2 ಮಾಡಿ, ಬೇರನ್ನು ಸೊನ್ನೆಗೆ ತಂದೆ, ಸರಿಯಾಯ್ತು. ಮತ್ತೆ ನೋಡಿದ್ರೆ ಪೈಥಾನ್‌ನ ಹೀಪ್‌ಕ್ಯೂ ದಾಖಲೆಯಲ್ಲಿ ಇದನ್ನೇ ಬರೆದಿದ್ದಾರೆ, ಸೊನ್ನೆಯಿಂದ ಎಣಿಸಿದ್ರೆ ಹೀಗೆ ಅಂತ.

ಸ್ಕೀನಾ ಓದಿದೆ, ಕಥೆ ಚಂದ ಉಂಟು, ಮುಂದೆ ಓದ್ತೇನೆ, ಈಗ ಅಲ್ಲ.

ಕೊನೆಗೆ ಲೆವಿಟಿನ್ ಅಂತ ತೀರ್ಮಾನ ಮಾಡಿದೆ. ಕಾರಣ ಆ ಸಾಲು ಅಲ್ಲ. ಹಿಂದೆ ತಿರುಗಿಸಿದಾಗ ಎಕ್ಸರ್ಸೈಜ್‌ಗಳಿಗೆ ಸುಳಿವು ಕೊಟ್ಟಿದ್ದಾರೆ, ಉತ್ತರ ಅಲ್ಲ, ಸುಳಿವು ಮಾತ್ರ. ನಂಗೆ ಕೇಳ್ಲಿಕ್ಕೆ ಹತ್ತಿರ ಯಾರೂ ಇಲ್ಲ, ಬೆಳಿಗ್ಗೆ ಬಸ್ಸಲ್ಲಿ ಒಂದು ಪ್ರಶ್ನೆ ಓದಿ ಇಡುದು, ದಿನ ಪೂರಾ ತಲೆಯಲ್ಲಿ ಇರ್ತದೆ, ಸಂಜೆ ಬರುವಾಗ ಆಗ್ಲಿಲ್ಲ ಅಂದ್ರೆ ಸುಳಿವು ನೋಡುದು. ಕಾರ್ಮೆನ್ ಮನೆಯಲ್ಲಿ ಇರ್ತದೆ, ಅದನ್ನು ಬಸ್ಸಿಗೆ ತರ್ಲಿಕ್ಕೆ ಆಗುದಿಲ್ಲ, ಪಕ್ಕದವರ ತೊಡೆಯ ಮೇಲೂ ಅರ್ಧ ಇಡ್ಬೇಕಾಗ್ತದೆ.

ಮಣ್ಣಪಳ್ಳ

ಆ ಸೊನ್ನೆಯ ಬಗ್ ನನ್ನ ಲ್ಯಾಬಲ್ಲಿ ಪ್ರತಿ ವರ್ಷ ಐದಾರು ಜನ ಮಾಡ್ತಾರೆ, ಹೆಚ್ಚಿನವರು ಮೊದಲನೇ ನಂಬರ್ ತಪ್ಪಾದದ್ದನ್ನು ನೋಡುದೇ ಇಲ್ಲ. ನೀವು ನೋಡಿದ್ರಿ. ಟೆಸ್ಟಿಂಗ್ ಅಂತ ನಾಚಿಕೆ ಬೇಡ. ಆರನೇ ಅಧ್ಯಾಯ ಆದ ಮೇಲೆ ಹಿಂದೆ ಹೋಗಿ ಮೂರನೆಯದ್ದರಿಂದ ಹಿಡೀರಿ, ಬ್ರೂಟ್ ಫೋರ್ಸ್. ನಿಮ್ಮ ಐದು ಕೋಟಿ ಅಲ್ಲೇ ಇರುದು.

ಕದ್ರಿ ಕೋಡು

ಕಾರ್ಮೆನ್ ಇಟ್ಟುಕೊಂಡ್ರಲ್ಲ, ಅಷ್ಟು ಸಾಕು.

ಸೆಗ್ಮೆಂಟ್ ಟ್ರೀ

ಮೇಡಂ 1 2 5 10 ಪ್ರೂಫ್ ಬರೆದೆ. ಒಂದು ರೂಪಾಯಿ ಎರಡು ಇದ್ರೆ ಅದ್ರ ಬದಲು ಒಂದು ಎರಡರ ನಾಣ್ಯ, ಹಾಗೆ ಒಂದೊಂದೇ ಬದಲಾಯಿಸ್ತಾ ಹೋಗುದು. ಆದ್ರೆ 2 + 2 + 1 ಬಂದಾಗ ಬೇರೆಯಾಗಿ ಹೇಳ್ಬೇಕಾ?

ಮಣ್ಣಪಳ್ಳ

ಹೇಳ್ಬೇಕು. 2 + 2 + 2 ಸಹ.

ಗೋಳಿಬಜೆ

ಕಿನ್ನಿಗೋಳಿ ಅಣ್ಣ, ಲೆವಿಟಿನ್ ಹೊಸದು ತಗೊಳ್ಬೇಡಿ, ನನ್ನ ತಂಗಿಯದ್ದು ಉಂಟು, ಅವಳು ಪಾಸಾಗಿ ಹೋಗಿಯಾಯ್ತು. ಮೂರನೇ ಅಧ್ಯಾಯದವರೆಗೆ ಪೂರಾ ಹಳದಿ ಹೈಲೈಟರ್, ಆಮೇಲೆ ಒಂದು ಗೆರೆಯೂ ಇಲ್ಲ, ಹೊಸದರ ಹಾಗೇ ಉಂಟು. ನಾಳೆ ಸಂಜೆ ಹಂಪನಕಟ್ಟೆಯಲ್ಲಿ ಇರ್ತೇನೆ.

ಕಿನ್ನಿಗೋಳಿ ಬಸ್

ಆರೂಕಾಲರ ಬಸ್ಸು ನನ್ನದು. ಆರಕ್ಕೆ ಬರ್ತೇನೆ, ಬನ್ಸ್ ನನ್ನ ಲೆಕ್ಕದಲ್ಲಿ.